ಮೂರು ನೀರು ಕಾಣದ ಬಟ್ಟೆ

ಆ ಬಟ್ಟೆಯನ್ನು ಮೊದಲ ಸಲ ಕಂಡಾಗ ಮೂಗಿಗೆ ಸೆರಗು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದೆ. ಕಡು ರಾಣಿ ಬಣ್ಣದ ಬಟ್ಟೆ. ಅದರ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಕಿತ್ತಳೆ ಹೂಗಳು, ಹೂವಿನ ಸುತ್ತ ಗಿಳಿಹಸಿರು ಎಲೆ, ಸಂದು ಸಿಕ್ಕಲ್ಲೆಲ್ಲ ಹಳದಿ ಬೊಟ್ಟು. ಅಚ್ಚು ಒತ್ತಿದವನ ಕೈ ಜಾರಿರಬೇಕು. ಹೂವಿನ ಗೆರೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ ಬಿದ್ದಿತ್ತು. ಪ್ರತಿಯೊಂದು ಹೂವೂ ತುಟಿ ಮೀರಿ ಬಣ್ಣ ಬಳಿದುಕೊಂಡ ಬಾಯಿಯ ಹಾಗೆ ಕಾಣುತ್ತಿತ್ತು. ಇದು ಸಾಲದೆಂದು ಸೀಮೆಎಣ್ಣೆಯ ವಾಸನೆ. ಮುಟ್ಟಿದರೆ ಗಂಜಿಯಿಂದ ಅಂಟಂಟು.

ಅದನ್ನು ಆರಿಸಿದವರು ನನ್ನ ಅತ್ತೆ. ಆರಿಸಿದ್ದು ಕೌದಿಯ ನಡುವೆ ಹಾಕುವುದಕ್ಕೆ. ಕೌದಿ ಹುಟ್ಟಲಿರುವ ಮಗುವಿಗೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಾಗ ಕೀಲ್ಪಾಕಿನಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ನನ್ನ ಯಜಮಾನರು ರೈಲ್ವೆಯಲ್ಲಿ, ನಾನು ಪ್ಯಾರೀಸ್ ಕಾರ್ನರ್ ಹತ್ತಿರ ಒಂದು ವಿಮಾ ಕಚೇರಿಯಲ್ಲಿ. ನನ್ನ ತವರಿನವರು ಮೂರು ತಲೆಮಾರಿನಿಂದ ಮದರಾಸಿನವರು. ನಮ್ಮ ಕನ್ನಡದಲ್ಲಿ ಅರ್ಧ ತಮಿಳು. ಯಜಮಾನರ ಕಡೆಯವರು ಧಾರವಾಡದ ಕಡೆಯವರು. ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಒಂದು ಟ್ರಂಕಿನಲ್ಲಿ ಅವರ ಬಟ್ಟೆಬರೆ ಇತ್ತು. ಇನ್ನೊಂದು ಟ್ರಂಕಿನ ತುಂಬ ಬರೀ ಹಳೆಯ ಬಟ್ಟೆಯ ತುಂಡುಗಳು.

ನಾನು ಹತ್ತು ವರ್ಷ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಅಲ್ಲಿ ಐದಕ್ಕೆ ಒಂದು ಗಂಟೆ, ಐದೂಕಾಲಿಗೆ ಇನ್ನೊಂದು. ಎರಡನೆಯ ಗಂಟೆಯ ಹೊತ್ತಿಗೆ ಹಾಸಿಗೆ ಸುತ್ತಿ, ಹೊದಿಕೆ ನಾಲ್ಕು ಮಡಿಕೆಯಾಗಿ ಅದರ ಮೇಲೆ ಕುಳಿತಿರಬೇಕು. ಬಿಳಿ ಹೊದಿಕೆ, ಬಿಳಿ ದಿಂಬು. ತಪ್ಪು ಮಾಡಿದವರು ಯಾರೂ ಕೇಳುವ ಮೊದಲೇ ಎದ್ದು ನಿಲ್ಲಬೇಕು. ಆ ಶಿಸ್ತು ನನಗೆ ಒಗ್ಗಿತು, ಅಷ್ಟೇ ಅಲ್ಲ, ಹಿಡಿಸಿತು. ಮದುವೆಯಾದ ಮೇಲೂ ನನ್ನ ಮನೆ ಹಾಗೆಯೇ ನಡೆಯಿತು. ಸೋಮವಾರ ಹಾಸಿಗೆ ಬಟ್ಟೆ, ಬುಧವಾರ ಪರದೆ, ಶುಕ್ರವಾರ ಡಬ್ಬಿಗಳು. ಹೊಸ ಬಟ್ಟೆ ಯಾವುದೇ ಇರಲಿ, ಉಪ್ಪುನೀರಿನಲ್ಲಿ ನೆನೆಸಿ ಒಗೆದಲ್ಲದೆ ಯಾರ ಮೈಮೇಲೂ ಬರುವಂತಿಲ್ಲ. ಇದು ನನ್ನದೇ ಕಾನೂನು. ಈ ಸಂಗತಿಯನ್ನು ಓದುಗರು ನೆನಪಿಡಬೇಕು. ಆಮೇಲೆ ನಾನು ಮಾಡಿದ್ದು ಎಷ್ಟು ಹೇಸಿಗೆಯದು ಎಂಬುದು ಆಗ ತಿಳಿಯುತ್ತದೆ.

ಆ ವರ್ಷ ನನ್ನ ನಾದಿನಿ, ಯಜಮಾನರ ತಂಗಿ, ಮದುವೆಯಾದ ಒಂಬತ್ತು ವರ್ಷಕ್ಕೆ ಬಸುರಿಯಾದಳು. ಅವಳ ಗಂಡ ಬ್ಯಾಂಕಿನಲ್ಲಿದ್ದ. ಅವರ ಮನೆ ಅಣ್ಣಾ ನಗರದಲ್ಲಿ. ಬಾಣಂತನಕ್ಕೆ ನಮ್ಮ ಮನೆಗೆ ಬರುವುದೆಂದಾಯಿತು. ಅದೇ ತಿಂಗಳು ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣಿನ ನರ ಸೊರಗಿದೆ, ಆಪರೇಷನ್ನಿನಿಂದ ಉಪಯೋಗವಿಲ್ಲ, ಇರುವಷ್ಟು ದಿನ ಇರುತ್ತದೆ ಎಂದರು. ಅತ್ತೆ ಮನೆಗೆ ಬಂದು, ಕೈಕಾಲು ತೊಳೆದು, ಎರಡನೆಯ ಟ್ರಂಕನ್ನು ಎಳೆದುಕೊಂಡು ಕುಳಿತರು.

"ಮೊಮ್ಮಗೂಗೆ ನಾನs ಕೌದಿ ಹೊಲೀಬೇಕು. ಕಣ್ಣು ಹೋಗೂದರೊಳಗ" ಎಂದರು.

ಅವರಿಗೆ ಆಗ ಬೇಕಾಗಿದ್ದು ಅದೊಂದೇ.

ಆದರೆ ಟ್ರಂಕಿನಲ್ಲಿದ್ದ ತುಂಡುಗಳೆಲ್ಲ ಉಟ್ಟು, ಒಗೆದು, ಬಿಸಿಲಿಗೆ ಬಿದ್ದು ಬಣ್ಣ ಹಾರಿದವು. ನನ್ನ ಕಣ್ಣಿಗೆ ಅವು ಹಿತವಾಗಿದ್ದವು. ಅವರ ಕಣ್ಣಿಗೆ ಎಲ್ಲವೂ ಒಂದೇ ಮಬ್ಬು. ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. "ಒಂದ ಢಾಳ ಬಣ್ಣದ್ದು ಬೇಕು. ಕಣ್ಣಿಗೆ ಹೊಡಿಯೂವಂಥಾದ್ದು. ಇಲ್ಲಂದ್ರ ಸೂಜಿ ಎಲ್ಲಿ ಹೊಂಟದ ತಿಳಿಯಂಗಿಲ್ಲ."

ಶನಿವಾರ ಅರ್ಧ ದಿನ ಕಚೇರಿ. ಯಜಮಾನರು ಅವರನ್ನು ಬಸ್ಸಿನಲ್ಲಿ ಕರೆತಂದು ನನ್ನ ಕಚೇರಿಯ ಬಾಗಿಲಲ್ಲಿ ಬಿಟ್ಟು ಡ್ಯೂಟಿಗೆ ಹೋದರು. ಪ್ಯಾರೀಸ್ ಕಾರ್ನರಿನ ಗಲ್ಲಿಗಳಲ್ಲಿ ಆಗ ತುಂಡುಬಟ್ಟೆಯನ್ನು ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ತೂಕಕ್ಕೆ ಮಾರುತ್ತಿದ್ದರು. ಒಂದು ಪಕ್ಕ ತೆರೆದ ಮೋರಿ, ಇನ್ನೊಂದು ಪಕ್ಕ ಗೋಡೆಯ ಉದ್ದಕ್ಕೂ ಎಲೆಅಡಿಕೆ ಉಗುಳಿದ ಕಲೆ. ಎಲ್ಲಿಂದಲೋ ಒಣಮೀನಿನ ವಾಸನೆ. ನಾನು ಸೀರೆ ಎತ್ತಿ ಹಿಡಿದು ನಿಂತಿದ್ದೆ. ಅತ್ತೆ ಸೀದಾ ಆ ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮೊಣಕೈ ತನಕ ಕೈ ಹಾಕಿದರು. ಎಂಥೆಂಥವರ ಕೈ ತಾಗಿದ ಬಟ್ಟೆಯೋ ಅದು! ಒಂದೊಂದನ್ನೂ ಮುಖಕ್ಕೆ ಒತ್ತಿ ಹಿಡಿದು ನೋಡಿದರು. ನನ್ನ ಮೈಯೆಲ್ಲ ತುರಿಸತೊಡಗಿತು.

ಕೊನೆಗೆ ಈ ಬಟ್ಟೆ ಹೊರಬಂತು. ಅವರ ಮುಖ ಅರಳಿತು.

"ಇದು ಕಾಣಸ್ತದ ನೋಡು!"

ಅಂಗಡಿಯವನು ನಕ್ಕ. "ಪಾಟ್ಟಿ, ಇದೈ ಪೋಟ್ಟಾ ತೂಕಮೇ ವರಾದು" ಎಂದ. ಇದನ್ನು ಹಾಸಿಕೊಂಡರೆ ನಿದ್ದೆಯೇ ಬರುವುದಿಲ್ಲ, ಅಜ್ಜಿ ಎಂದು.

"ಏನಂತಾನವಾ?"

"ನೋಡೋಕ್ಕೇ ಅಸಿಂಗವಾಗಿದೆ ಅಂತಾನೆ ಅತ್ತೆ" ಎಂದೆ. ಅವನು ಹಾಗೆ ಹೇಳಿರಲಿಲ್ಲ. ಅಸಿಂಗ, ಅಂದರೆ ಅಸಹ್ಯ, ಎಂಬುದು ನನ್ನ ಮಾತು. "ಅದನ್ನು ಮಗುವಿಗೆ ಹಾಸೋದಾ? ನೀವೇ ಹೇಳಿದ್ದೀರಿ, ಹಸುಗೂಸಿಗೆ ಹೊಸ ಬಟ್ಟೆ ಆಗದು, ಹಿರಿಯರು ಉಟ್ಟು ಬಿಟ್ಟದ್ದೇ ಆಗಬೇಕು ಅಂತ."

ಅವರ ನಿಯಮವನ್ನೇ ಅವರ ಮುಂದೆ ಹಿಡಿದೆನೆಂದು ನನಗೆ ಖುಷಿಯಾಯಿತು. ಅವರೇನೂ ಅಳುಕಲಿಲ್ಲ.

"ಮೂರ ನೀರು ಕಂಡ ಅರಿವಿ ಹಳೇದs. ಮೂರ ಸರ್ತಿ ಒಗದು, ಮೂರ ಸರ್ತಿ ಒಣಗಿಸಿದ್ರ ಉಟ್ಟ ಅರಿವೀನs ಆತು. ನಮ್ಮ ಅತ್ತಿಯವರೂ ಹಂಗs ಮಾಡತಿದ್ರು. ಮೂರ ನೀರು ನೀ ಕೊಡು, ಉಳದದ್ದು ನಾ ನೋಡ್ಕೋತೀನಿ."

ಹೀಗೆ ಆ ಬಟ್ಟೆಯನ್ನು ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ಅದನ್ನು ಕಾಗದದಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡೆ. ಮನೆಗೆ ಬಂದು ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಬೆರಳಿನಲ್ಲಿ ಸೀಮೆಎಣ್ಣೆ ನಾತ ಉಳಿದಿತ್ತು. ಆ ದಿನ ಕೈಯಲ್ಲಿ ಕಲಸಿ ಉಣ್ಣಲಾಗದೆ ಚಮಚ ಹಿಡಿದೆ.

ಅದು ನೀರಿಗೆ ಬರ ಬಂದಿದ್ದ ಬೇಸಿಗೆ. ದಿನ ಬಿಟ್ಟು ದಿನ ನೀರು. ಅದೂ ಬೀದಿಯ ಕೈಪಂಪಿನಲ್ಲಿ, ಬೆಳಗಿನ ಜಾವ. ಸಾಲಿನಲ್ಲಿ ನಿಂತು, ಒತ್ತಿ, ಕೊಡದಲ್ಲಿ ಮಹಡಿಗೆ ಹೊರಬೇಕು. ಪ್ರತಿ ಬಕೆಟ್ಟಿಗೂ ನನ್ನ ಬಳಿ ಒಂದು ಲೆಕ್ಕವಿತ್ತು: ಇದು ಅಡುಗೆಗೆ, ಇದು ಸ್ನಾನಕ್ಕೆ, ಇದು ಪಾತ್ರೆಗೆ. ಆ ಹೊಲಸು ಬಟ್ಟೆಗೆಂದು ಮೂರು ಬಕೆಟ್ಟು ನೀರು ಹೊರುವುದು ನೆನೆದರೇ ಮೈ ಉರಿಯಿತು. ನೀರಿಗಿಂತ ಹೆಚ್ಚಾಗಿ, ಅದನ್ನು ನನ್ನ ಬಕೆಟ್ಟಿನಲ್ಲಿ ಅದ್ದುವುದೇ ನನಗೆ ಬೇಡವಾಗಿತ್ತು. ಮೊದಲ ನೀರಿನ ದಿನ, ನಾಳೆ ಎಂದುಕೊಂಡೆ. ನಾಳೆ ನೀರಿರಲಿಲ್ಲ. ಎರಡನೆಯ ನೀರಿನ ದಿನ ಕಚೇರಿಗೆ ಹೊತ್ತಾಯಿತು. ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಬಾಲ್ಕನಿಯ ತಂತಿಗೆ ಹಾಕಿದೆ. ಎರಡು ದಿನದ ಬಿಸಿಲಿಗೆ ವಾಸನೆ ಅರ್ಧ ಹೋಯಿತು. ಮಡಚಿ ತಂದು ಅವರ ಮುಂದಿಟ್ಟೆ.

ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೈಯಾಡಿಸಿದರು. "ಮೂರೂ ನೀರಾದವೇನು?"

"ಆಯ್ತು ಅತ್ತೆ."

ಇಷ್ಟೇ ನಾನು ಹೇಳಿದ್ದು. ಹಾಸ್ಟೆಲ್ಲಿನಲ್ಲಿ ಹತ್ತು ವರ್ಷ, ಕಚೇರಿಯಲ್ಲಿ ಎಂಟು ವರ್ಷ, ಒಂದು ದಿನ ತಡವಾಗಿ ಹೋಗದವಳು, ಯಾವ ರಿಜಿಸ್ಟರಿನಲ್ಲೂ ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯದವಳು. ಅವರು ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಇನ್ನೊಮ್ಮೆ ತಿಕ್ಕಿ ನೋಡಿದರು. ಆಮೇಲೆ "ಕತ್ತರಿ ತಾ" ಎಂದರು.

ಕೌದಿಯ ನಕ್ಷೆಯ ವಿಷಯದಲ್ಲಿ ನಮಗೆ ಎರಡು ದಿನ ಜಗಳ. ನಾನು ಗ್ರಾಫ್ ಹಾಳೆ ಕೊಂಡುತಂದು ಪೆನ್ಸಿಲಿನಲ್ಲಿ ಚೌಕ ಹಾಕಿದ್ದೆ. ಎಲ್ಲ ತುಂಡೂ ಒಂದೇ ಅಳತೆ. ಗಾಢ ಬಣ್ಣ ಹೊರಗೆ, ತಿಳಿ ಬಣ್ಣ ಒಳಗೆ. ಈ ರಾಕ್ಷಸ ಹೂಗಳು ಕೆಳಮೈಯಲ್ಲಿ, ನೆಲದ ಕಡೆ ಮುಖ ಮಾಡಿ. ಒಂದೊಂದು ಸಾಲನ್ನೂ ಓದಿ ಹೇಳಿದೆ. ಅತ್ತೆ ಪೂರ್ತಿ ಕೇಳಿದರು.

"ಅಡಿಗಿಮನಿಗೆ ಫರಸಿಕಲ್ಲು ಹಾಸಲಿಕ್ಕೆ ಹತ್ತೀಯೇನು? ಕೌದಿಗೆ ಓಣಿ ಬೇಕವಾ. ನಡುವ ಅಂಗಳ, ಅಂಗಳದ ಸುತ್ತ ಓಣಿ, ಓಣಿ ಆದ ಮ್ಯಾಲೆ ಮನಿಗಳು, ಮತ್ತ ಓಣಿ."

ನೆಲದ ಮೇಲೆ ಹಳೆಯ ಸೀರೆ ಹಾಸಿ, ಗೇಣಿನಲ್ಲಿ ಅಳೆದು, ಕತ್ತರಿ ಬದಿಗಿಟ್ಟು ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದರು. ತೊಳೆಯದ ಬಟ್ಟೆ, ಅವರ ಬಾಯಿ! ನಾನು ಗ್ರಾಫ್ ಹಾಳೆ ಮಡಚತೊಡಗಿದೆ. ಒಂದು ಇಡೀ ಹೂವು ನಡುವಿನ ಚೌಕವಾಯಿತು. ಉಳಿದದ್ದನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಸೀಳಿ ಓಣಿ ಮಾಡಿದರು. ಓಣಿಗೆ ಓಣಿಗೆ ನಡುವೆ ಮಾವನವರ ಬಿಳಿ ಧೋತರದ ತುಂಡು, ಅತ್ತೆಯ ತಾಯಿಯ ಇಳಕಲ್ ಸೀರೆಯ ಉಳಿಕೆ, ನಾದಿನಿ ಚಿಕ್ಕವಳಿದ್ದಾಗ ಉಟ್ಟ ಲಂಗ. ನಿನ್ನದೂ ಒಂದಿರಲಿ ಎಂದು ಕೇಳಿದಾಗ ನಾನು ಕಚೇರಿಗೆ ಉಟ್ಟು ಹಳತಾದ ಬಿಸ್ಕತ್ತು ಬಣ್ಣದ ಸೀರೆ ಕೊಟ್ಟೆ. ಅದನ್ನು ಕಣ್ಣಿಗೆ ಹಿಡಿದು, "ಇದು ಅರಿವಿನೋ, ಧೂಳೋ?" ಎಂದರು. ಆದರೂ ಒಂದು ಮೂಲೆಯಲ್ಲಿ ಇಟ್ಟರು.

ಆ ಏರ್ಪಾಡಿನಲ್ಲಿ ಒಂದು ಜಾಣತನವಿತ್ತು. ನನಗೆ ಸಿಟ್ಟಿದ್ದರೂ ಅದು ಕಂಡಿತು. ಢಾಳಾದ ಪಟ್ಟಿಯ ಪಕ್ಕಕ್ಕೆ ಎಲ್ಲ ಕಡೆಯೂ ತಿಳಿ ಬಣ್ಣವೇ ಬರುವಂತೆ ಹೊಂದಿಸಿದ್ದರು, ಹೆಚ್ಚಾಗಿ ಧೋತರ. ರಾಣಿ ಬಣ್ಣ ಮುಗಿದು ಬಿಳಿ ತೊಡಗುವ ಗಡಿಯಷ್ಟು ಅವರ ಕಣ್ಣಿಗೆ ಸಿಗುತ್ತಿತ್ತು. ಆ ಗಡಿಯ ಗುಂಟ ಸೂಜಿ ನಡೆಸಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಕೌದಿಯ ಅಂದಕ್ಕಲ್ಲ, ನಡೆದಾಡುವುದಕ್ಕೆ ಹಾಕಿದ ನಕ್ಷೆ ಅದು.

ಹೊಲಿಗೆ ಶುರುವಾಯಿತು. ನಾನು ಕಚೇರಿಗೆ ಹೊರಡುವ ಮುನ್ನ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಒಂದು ದಿಂಬಿಗೆ ಚುಚ್ಚಿಡಬೇಕು. ಅವರು ಬಾಲ್ಕನಿಯ ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ಕುಳಿತು ಮಧ್ಯಾಹ್ನದ ತನಕ ಹೊಲಿಯುತ್ತಿದ್ದರು. ಸಂಜೆ ಬಂದು ನೋಡಿದರೆ ಮನೆಯೆಲ್ಲ ದಾರದ ತುಣುಕು, ಬಟ್ಟೆಯ ಎಳೆ. ಸಾರಿನಲ್ಲಿ ಒಂದು ಸಲ ರಾಣಿ ಬಣ್ಣದ ಎಳೆ ಸಿಕ್ಕಿತು. ಮದರಾಸಿನ ಮೇ ತಿಂಗಳ ಬೆವರು ಬೇರೆ. ಅವರು ಮಡಿಲಿನಿಂದ ಆ ಕೌದಿ ಎತ್ತಿದಾಗ ಬಟ್ಟೆ ಸೀರೆಗೆ ಅಂಟಿಕೊಂಡು ಬರುತ್ತಿತ್ತು. ನಾನು ಊಟದ ಜಾಗ ಬದಲಾಯಿಸಿದೆ, ಅದು ಕಣ್ಣಿಗೆ ಬೀಳದಂತೆ.

ಪ್ರತಿ ಬೆಳಿಗ್ಗೆ ಕುಳಿತ ಕೂಡಲೇ ಅವರು ಕೌದಿಯನ್ನು ತೋಳಿನಷ್ಟು ದೂರ ಹಿಡಿದು ನೋಡುತ್ತಿದ್ದರು. ಅದು ಕಣ್ಣನ್ನು ಅಳೆಯುವ ರೀತಿ ಎಂದು ನನಗೆ ತಿಳಿಯಲು ಒಂದು ವಾರ ಹಿಡಿಯಿತು.

"ಹಳದಿ ಬೊಟ್ಟು ಇನ್ನೂ ಅದಾವ" ಎನ್ನುತ್ತಿದ್ದರು ಮೊದಮೊದಲು.

ಒಂದು ದಿನ, "ಬೊಟ್ಟು ಹೋದವು. ಎಲಿ ಅದಾವ."

ಇನ್ನೊಂದು ದಿನ ಎಲೆಯೂ ಹೋಯಿತು. "ಹೂ ಅಷ್ಟs ನೋಡು."

ಹೇಳುವಾಗ ದನಿಯಲ್ಲಿ ಏನೂ ಇರುತ್ತಿರಲಿಲ್ಲ. ತರಕಾರಿ ಮುಗಿದಿದೆ ಎಂದು ಹೇಳಿದಂತೆ. ನಾನು ಸೂಜಿ ಪೋಣಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಕಚೇರಿಯಿಂದ ಬಂದಾಗ ಅವರು ಕುಳಿತ ಜಾಗದಿಂದ ಎದ್ದಿರಲಿಲ್ಲ. ಕೌದಿಯನ್ನು ತಮ್ಮ ಸೀರೆಗೇ ಸೇರಿಸಿ ಒಂದು ಗೇಣಿನಷ್ಟು ಹೊಲಿದುಕೊಂಡುಬಿಟ್ಟಿದ್ದರು. ನಾದಿನಿ ಅಷ್ಟರಲ್ಲಿ ನಮ್ಮ ಮನೆಗೆ ಬಂದಿದ್ದಳು. ಎಂಟು ತಿಂಗಳ ಹೊಟ್ಟೆ ಹಿಡಿದುಕೊಂಡು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

"ನೋಡ್ರಿ ವೈನಿ, ಅವ್ವ ಕೌದಿ ಉಟ್ಟಾಳ!"

"ನಗು, ನಗು. ನಾ ಹಿಂಗs ಬಂದು ನಿನ್ನ ಕೂಸಿನ ಮಗ್ಗಲಾಗ ಮಲಗತೀನಿ" ಎಂದರು ಅತ್ತೆ. ಹೊಲಿಗೆ ಬಿಚ್ಚಿದ್ದು ನಾನು. ಅರ್ಧ ಗಂಟೆ ಆ ಬಟ್ಟೆಯನ್ನು ಮುಖದ ಹತ್ತಿರ ಹಿಡಿದುಕೊಂಡು ಕುಳಿತೆ. ಸೀಮೆಎಣ್ಣೆ, ಬೆವರು, ಅತ್ತೆ ಏರಿಸುವ ನಶ್ಯದ ವಾಸನೆ. ಆಗ ಗಮನಿಸಿದೆ: ಅವರ ಹಳೆಯ ಸೀರೆಯ ಮೇಲೆ, ಬೆವರು ತಗುಲಿದ ಕಡೆ, ತೆಳು ಗುಲಾಬಿ ಕಲೆ. ಅರ್ಧ ಮುಗಿದ ಕೌದಿ. ಈಗ ಹೇಳಿದರೆ ಎಲ್ಲ ಬಿಚ್ಚಬೇಕು. ಬೇಸಿಗೆಯ ಬೆವರು, ಯಾವ ಬಣ್ಣವಾದರೂ ಸ್ವಲ್ಪ ಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಸುಳ್ಳು ಅದು. ಕೇಳುವವರು ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕೌದಿ ಮುಗಿದದ್ದು ಹೆರಿಗೆಗೆ ನಾಲ್ಕು ದಿನ ಮೊದಲು. ಕೊನೆಯ ಸಾಲು ನಡುವಿನ ಹೂವಿನ ಸುತ್ತ ಬರಬೇಕಾಗಿತ್ತು. ಆ ಹೊತ್ತಿಗೆ ಹೂವು ಹೋಗಿತ್ತು; ಬರೇ ಒಂದು ಕೆಂಪು ಹೊಗೆ ಕಾಣಸ್ತದ ಎನ್ನುತ್ತಿದ್ದರು. ಕೊನೆಯ ತೂತು ಮುಚ್ಚುವ ಮೊದಲು ಅವರ ಕಡೆಯ ಪದ್ಧತಿಯಂತೆ ಕೌದಿಯ ಹೊಟ್ಟೆ ತುಂಬಿಸಬೇಕೆಂದು ಒಂದು ಚೂರು ಜೋಳದ ರೊಟ್ಟಿಯನ್ನು ಒಳಗೆ ತುರುಕಿ ಹೊಲಿದರು. ಹಾಸಿಗೆಯೊಳಗೆ ಅನ್ನದ ಪದಾರ್ಥ! ಮಾರನೆಯ ದಿನವೇ ಇರುವೆಗಳು ಓಣಿಯ ಗುಂಟ ಸಾಲು ಹಿಡಿದು ಹೊರಟಿದ್ದವು. ಅವನ್ನು ಒಂದೊಂದಾಗಿ ಊದಿ ಓಡಿಸಿದೆ. ಒಗೆಯೋಣವೇ ಎಂದು ಕೇಳಬಹುದಾಗಿತ್ತು. ಕೇಳಿದರೆ ನೀರಿನ ಬಣ್ಣ ಗೊತ್ತಾಗುತ್ತಿತ್ತು. ಬಿಸಿಲಿಗೆ ಹಾಕಿದೆ.

ಹೆಣ್ಣುಮಗು ಹುಟ್ಟಿತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವಾಗ ಅತ್ತೆ ತಾವೇ ತಡವರಿಸಿ ಕೌದಿ ಹಾಸಿದರು. ಬಂದವರೆಲ್ಲ ಹೊಗಳಿದರು. ಕೆಳಗಿನ ಮನೆಯವರಂತೂ ತಮಗೂ ಒಂದು ಬೇಕೆಂದರು. ಆ ಹೂವಿನ ನಡುವೆ ಮಗುವಿನ ಮುಖವೇ ಕಾಣುತ್ತಿಲ್ಲವಲ್ಲ ಎಂದು ನಾನೊಬ್ಬಳೇ ಅಂದುಕೊಂಡೆ.

ಅದು ಶನಿವಾರ. ಭಾನುವಾರ ಬೆಳಿಗ್ಗೆ ನಾದಿನಿಯ ಕೂಗು ಇಡೀ ಬೀದಿಗೆ ಕೇಳಿಸಿತು.

"ರಕ್ತಾ! ವೈನಿ, ಕೂಸಿಗೆ ರಕ್ತಾ ಬಂದದ!"

ಓಡಿಹೋದೆ. ಅವಳು ಮಗುವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಸೊಂಟದಿಂದ ಹಿಮ್ಮಡಿಯವರೆಗೆ ಕೆಂಪು ಇಳಿಯುತ್ತಿತ್ತು. ತೊಡೆಯ ಸಂದಿಯಲ್ಲಿ ಹಸಿರು. ಮಗು ಉಚ್ಚೆ ಹೊಯ್ದು ಅದರಲ್ಲೇ ಗಂಟೆಗಟ್ಟಲೆ ಮಲಗಿತ್ತು. ಒಂದು ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ತಿಳಿದೂ ಬಾಯಿ ಬಿಡಲಿಲ್ಲ. ಬಣ್ಣವೇ ಎಂದು ಖಾತ್ರಿಯಾಗಿ ಹೇಳಬೇಕಾದರೆ ಅದು ಹೇಗೆ ಗೊತ್ತು ಎಂದೂ ಹೇಳಬೇಕಾಗುತ್ತಿತ್ತು. ರಿಕ್ಷಾ ಹಿಡಿದು, ಅಳುವ ತಾಯಿಯನ್ನೂ ಅಳುವ ಮಗುವನ್ನೂ ಕೂರಿಸಿಕೊಂಡು ಪಕ್ಕದ ಬೀದಿಯ ಡಾಕ್ಟರಮ್ಮನ ಮನೆಗೆ ಹೋದೆ.

ಆಕೆ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮಗುವಿನ ಕಾಲು ಒರೆಸಿದರು. ಹತ್ತಿ ಗುಲಾಬಿಯಾಯಿತು, ಕಾಲು ಬಿಳಿಯಾಯಿತು. "ರತ್ತಮ್ ಇಲ್ಲೈಮ್ಮಾ, ಸಾಯಮ್" ಎಂದರು: ರಕ್ತವಲ್ಲ, ಬಟ್ಟೆಯ ಬಣ್ಣ. ಆಮೇಲೆ ನನ್ನ ಕಡೆ ತಿರುಗಿ, ಇಬ್ಬರಲ್ಲಿ ವಿವೇಕದವಳು ನಾನೆಂದುಕೊಂಡು, ಹೊಸ ಬಟ್ಟೆಯನ್ನು ಒಗೆಯದೆ ಯಾರಾದರೂ ಹಸುಗೂಸಿಗೆ ಹಾಸುತ್ತಾರೆಯೇ, ಮನೆಯಲ್ಲಿ ದೊಡ್ಡವರು ಇಲ್ಲವೇ ಎಂದು ಕೇಳಿದರು. ಚರ್ಮ ಒಂದೆರಡು ಕಡೆ ಕೆಂಡದಂತಾಗಿತ್ತು. ಮುಲಾಮು ಬರೆದುಕೊಟ್ಟರು.

ಹೆದರಿಕೆ ಇಳಿದ ಮೇಲೆ ನಾದಿನಿಗೆ ಸಿಟ್ಟು ಏರಿತು. ಮನೆಯ ಮೆಟ್ಟಿಲು ಹತ್ತುತ್ತಲೇ ಶುರುಮಾಡಿದಳು.

"ಕಣ್ಣು ಕಾಣಂಗಿಲ್ಲಂದ್ರ ಸುಮ್ನ ಕೂಡಬೇಕವಾ! ಯಾರು ಬೇಡ್ಯಾರ ನಿನಗ ಕೌದಿ? ಆ ದರಿದ್ರ ಅರಿವಿ ಎಲ್ಲಿಂದ ಆರಿಸಿಕೊಂಡ ಬಂದಿ? ಒಂಬತ್ತು ವರ್ಷಕ್ಕ ಹುಟ್ಟಿದ ಕೂಸದು!"

ಅತ್ತೆ ಬಾಲ್ಕನಿಯ ಬಾಗಿಲಲ್ಲಿ ಕುಳಿತಿದ್ದರು. ಮಗಳ ದನಿಯ ಕಡೆ ಮುಖ ಮಾಡಿದರು. ಮುಖ ಸ್ವಲ್ಪ ಆಚೆಗೆ ತಿರುಗಿತ್ತು. ದನಿ ಬಂದ ಜಾಗ ಅವರಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಕೆಂಪು ಹೊಗೆಯೂ ಆ ವಾರ ಹೋಗಿತ್ತು.

"ಹೌದವಾ. ಬಣ್ಣ ಬಿಡೂ ಅರಿವಿ ಆರಿಸಿದಾಕಿ ನಾನು. ನಂದs ತಪ್ಪು" ಎಂದರು.

ನಾನು ಅಡುಗೆಮನೆಗೆ ಹೋದೆ. ಅನ್ನಕ್ಕಿಟ್ಟೆ. ಬೇಳೆ ಬೇಯಿಸಿದೆ. ಒಲೆಯ ಕಟ್ಟೆ ಒರೆಸಿದೆ; ಒರೆಸಿದ್ದನ್ನೇ ಮತ್ತೆ ಒರೆಸಿದೆ. ಒಂದು ಗಂಟೆ ಹೀಗೆ ಕಳೆಯಿತು. ಎಷ್ಟೋ ಕೊಳಕನ್ನು ಕಂಡಿದ್ದೇನೆ; ಪ್ಯಾರೀಸ್ ಕಾರ್ನರಿನ ಆ ಮೋರಿಯನ್ನೂ ಕಂಡಿದ್ದೇನೆ. ಆ ಒಂದು ಗಂಟೆ ಅಡುಗೆಮನೆಯಲ್ಲಿ ಹೊಳೆಯುವ ಕಟ್ಟೆಯನ್ನು ಒರೆಸುತ್ತ ನಿಂತಿದ್ದ ಹೆಂಗಸಿನಷ್ಟು ಹೇಸಿಗೆ ಹುಟ್ಟಿಸಿದ್ದು ಬೇರೆ ಯಾವುದೂ ಇಲ್ಲ.

ಕೈ ಒರೆಸಿಕೊಂಡು ಹೊರಗೆ ಬಂದೆ. ನಾದಿನಿ ಮಗುವಿಗೆ ಹಾಲು ಕೊಡುತ್ತಿದ್ದಳು. ಇಬ್ಬರ ಮುಂದೆಯೂ ನಿಂತು ಹೇಳಿದೆ. "ನಾನು ಒಗೆಯಲಿಲ್ಲ. ಒಂದು ನೀರೂ ಕೊಡಲಿಲ್ಲ. ಮೂರಾಯಿತು ಅಂತ ಸುಳ್ಳು ಹೇಳಿದೆ. ಬಣ್ಣ ಬಿಡೋದು ನಡುವೆ ಗೊತ್ತಾಗಿತ್ತು. ಆಗಲೂ ಹೇಳಲಿಲ್ಲ."

ನಾದಿನಿ ಬಾಯಿ ತೆರೆದು ನನ್ನನ್ನೇ ನೋಡಿದಳು. "ನೀವಾ? ಡಬ್ಬೀ ಮುಚ್ಚಳಾನೂ ಒಗಿಯೂ ನೀವಾ ವೈನಿ?"

ಅತ್ತೆ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು.

"ಗೊತ್ತದ" ಎಂದರು ನನಗೆ.

"ಏನು ಗೊತ್ತು?"

"ಮೂರ ನೀರಿಗೆ ಆರ ದಿನ ಬೇಕು, ದಿನ ಬಿಟ್ಟು ದಿನ ನೀರು ಬರೂ ಊರಾಗ. ನೀ ನಾಕನೇ ದಿನಕ್ಕ ತಂದುಕೊಟ್ಟಿ. ಎಣಿಸಲಿಕ್ಕೆ ಕಣ್ಣು ಬೇಕೇನು? ಕೈಯಾಡಿಸಿದೆ, ಗಂಜಿ ಇನ್ನೂ ಹಂಗs ಇತ್ತು. ಹರಿದಾಗ ಬಾಯಾಗೂ ಬಂತು."

"ಮತ್ತೆ ಯಾಕೆ ಹೊಲಿದಿರಿ ಅತ್ತೆ? ಒಗೆದು ತಾ ಅಂತ ಅನ್ನಬಹುದಿತ್ತಲ್ಲ?"

"ಅಂದಿದ್ರ ನೀ ಒಗೀತಿದ್ದಿ. ಮತ್ತ ಆರ ದಿನ ಹೋಗತಿತ್ತು." ಬೆರಳು ಮಡಿಚಿ ಎಣಿಸಿದರು. "ಕೂಸು ಬರೂದಕ್ಕ ನಾಕ ದಿನ ಮೊದಲ ಮುಗಿಸೀನಿ. ಹೂ ಹೋದ ಮ್ಯಾಲೆ ಕಡೀ ಸಾಲು ಹಾಕೀನಿ. ಆ ಆರ ದಿನ ನನಗ ಯಾರು ಕೊಡತಿದ್ರು?"

ನಾದಿನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಾಯಿಯ ಪಕ್ಕ ಹೋಗಿ ಕುಳಿತಳು. ನಾನು ನಿಂತೇ ಇದ್ದೆ. ನನಗೆ ಗೊತ್ತಾದದ್ದು ಇಷ್ಟು: ನಾನು ಅಸಹ್ಯಪಟ್ಟು ಆ ಬಟ್ಟೆಯನ್ನು ಒಗೆಯದೆ ಉಳಿಸಿದ ದಿನಗಳನ್ನು ಅವರು ತಮ್ಮ ಹೊಲಿಗೆಗೆ ತೆಗೆದುಕೊಂಡಿದ್ದರು. ಕೂಸಿನ ತೊಡೆಯ ಉರಿ ಅದರ ಬೆಲೆ. ಅದರಲ್ಲಿ ನಮ್ಮಿಬ್ಬರ ಪಾಲೂ ಇತ್ತು. ಅವರು ತಮ್ಮದನ್ನು ಕೂಗಾಟದ ನಡುವೆ ಕುಳಿತು ಒಪ್ಪಿಕೊಂಡರು, ನಾನು ಅಡುಗೆಮನೆಯಲ್ಲಿ ಅಡಗಿಕೊಂಡೆ.

ಮಾರನೆಯ ದಿನ ನೀರಿನ ದಿನ. ಕಚೇರಿಗೆ ರಜೆ ಹಾಕಿದೆ. ಅದು ನನ್ನ ಮೊದಲ ಆಕಸ್ಮಿಕ ರಜೆ. ಬೆಳಗಿನ ಜಾವ ನಾಲ್ಕು ಸಲ ಸಾಲಿನಲ್ಲಿ ನಿಂತು ಎಂಟು ಕೊಡ ನೀರು ಹೊತ್ತೆ. ಕೌದಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಬರಿಗೈಯಲ್ಲಿ ಹಿಸುಕಿದೆ. ಅತ್ತೆ ಬಚ್ಚಲಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತರು. ನೀರು ಕಸಾಯಿಖಾನೆಯ ನೀರಿನ ಹಾಗಾಯಿತು. ಒಳಗಿನ ರೊಟ್ಟಿ ನೆನೆದು ಹುಳಿ ವಾಸನೆ ಎದ್ದಿತು. ಮೂಗು ಮುಚ್ಚಲು ನನಗೆ ಒಣ ಕೈ ಇರಲಿಲ್ಲ. ಆ ಬಣ್ಣ ಇವತ್ತಿಗೂ ನನಗೆ ಅಸಹ್ಯವೇ. ಅದನ್ನು ಪ್ರೀತಿಸಲು ಕಲಿತೆನೆಂದು ಹೇಳಿದರೆ ಅದು ಮೂರನೆಯ ಸುಳ್ಳಾಗುತ್ತದೆ.

"ಹೆಂಗಾತು?" ಎಂದು ಕೇಳಿದರು.

"ಎಲ್ಲಾ ಕಡೆ ಹರಡಿದೆ ಅತ್ತೆ. ಇಳಕಲ್ ತುಂಡು ಕಪ್ಪಾಗಿದೆ. ನನ್ನ ಬಿಸ್ಕತ್ತು ಸೀರೆಗೂ ಬಣ್ಣ ಬಂದಿದೆ."

"ಆ ಧೂಳಿಗೆ ಅದು ಬೇಕಾಗಿತ್ತು. ನಿಮ್ಮ ಮಾವನವರ ಧೋತರ?"

ನೀರಿನಿಂದ ಎತ್ತಿ ನೋಡಿದೆ. ಎಲ್ಲ ಓಣಿಗಳ ಬದಿಯಲ್ಲೂ ಅದೇ ಇತ್ತಲ್ಲ. ಬಿಳಿ ಎನ್ನುವುದು ಒಂದು ಬೆರಳಷ್ಟೂ ಉಳಿದಿರಲಿಲ್ಲ. "ಗುಲಾಬಿ ಆಗಿದೆ" ಎಂದೆ.

ಅವರು ನಕ್ಕರು. ಭುಜ ಕುಣಿಸಿ, ಸದ್ದಿಲ್ಲದೆ, ತುಂಬ ಹೊತ್ತು ನಕ್ಕರು. "ಜೀವ ಇರೂತನಾ ಒಂದ ಬಣ್ಣದ ಅಂಗಿ ತೊಡಲಿಲ್ಲವಾ ಆ ಮನಶಾ! ದೀಪಾವಳಿಗೆ ಕೊಟ್ರೂ ಹೊಳ್ಳಿ ಕೊಡತಿದ್ರು. ಛಲೋ ಆತು ಬಿಡು."

ನನಗೆ ನಗು ಬರಲಿಲ್ಲ. ಬಕೆಟ್ಟನ್ನು ಬಗ್ಗಿಸಿ ಆ ಕೆಂಪನ್ನೆಲ್ಲ ಬಚ್ಚಲಿಗೆ ಸುರಿದು, ಎರಡನೆಯ ನೀರು ಹಾಕಿದೆ.